ದಾಳಿಂಬೆ ಕೆಂಪು ಕೇಸರಿಯಾಗಿತ್ತು: ಕ್ಯಾಪ್ಚರ್ ವಿಡಿಯೊದ ಬಣ್ಣ ಕೆಟ್ಟಾಗ ಎಲ್ಲಿ ಹುಡುಕಬೇಕು

ಮದುವೆ ಕ್ಯಾಸೆಟ್ಟನ್ನು ಕ್ಯಾಪ್ಚರ್ ಮಾಡಿಸಿ, ಅಂದರೆ ಕಂಪ್ಯೂಟರ್ ಫೈಲ್ ಆಗಿ ಬದಲಿಸಿ, ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋಗಿದ್ದ ಅಕ್ಕಾರು ಮೂರನೇ ದಿನಕ್ಕೆ ಬಾಗಲಕೋಟೆ ನವನಗರದ ನಮ್ಮ ಅಂಗಡಿಗೆ ವಾಪಸ್ ಬಂದರು. ಪೆನ್‌ಡ್ರೈವ್ ಜೊತೆಗೆ ಒಂದು ಕೈಚೀಲ ಇತ್ತು. ಚೀಲದಿಂದ ಮದುವೆ ಸೀರೆ ತೆಗೆದು ಕೌಂಟರ್ ಮೇಲೆ ಹರವಿದರು. ಇಳಕಲ್ ಸೀರೆ. ಗಿಳಿ ಹಸಿರು ಒಡಲು, ತೋಪು ತೆನಿಯ ರೇಷ್ಮೆ ಸೆರಗು. ಸೆರಗಿನ ಕೆಂಪು ಅಂದರೆ ಬಿಡಿಸಿದ ದಾಳಿಂಬೆಯ ಕೆಂಪು, ಒಳಗೆ ಎಲ್ಲೋ ಸ್ವಲ್ಪ ನೀಲಿ ಛಾಯೆ ಇರುವಂಥದ್ದು.

"ತಮ್ಮಾ, ಈ ಸೆರಗು ನೋಡು. ಆಮ್ಯಾಲೆ ನೀ ಕೊಟ್ಟಿದ್ದು ನೋಡು. ನನ್ನ ಸೆರಗು ಕೇಸರಿ ಆಗೇತಿ."

ಹಾಕಿ ನೋಡಿದೆ. ಹೌದು, ಪೂರ್ತಿ ಕೇಸರಿ ಅಲ್ಲದಿದ್ದರೂ ಇಟ್ಟಿಗೆ ಕಡೆ ಹೊರಳಿತ್ತು. ಹಸಿರು ಮಬ್ಬಾಗಿತ್ತು. ಬೇರೆ ಗಿರಾಕಿ ಆಗಿದ್ದರೆ "ಹಳೇ ಕ್ಯಾಸೆಟ್ ರೀ, ಇಷ್ಟೇ ಬರ್ತದ" ಅಂತ ಕಳಿಸಿಬಿಡುತ್ತಿದ್ದೆನೋ ಏನೋ. ಸೀರೆ ಎದುರಿಗೇ ಹರವಿಕೊಂಡು ನಿಂತವರಿಗೆ ಹಾಗೆ ಹೇಳುವುದು ಹೇಗೆ? ಅದರ ಮೇಲೆ ಆ ಮದುವೆ ನಡೆದದ್ದು ಹಳೆ ಬಾಗಲಕೋಟೆಯ ಮನೆಯಲ್ಲಿ. ಆ ಮನೆ ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಇನ್ನೊಮ್ಮೆ ಶೂಟ್ ಮಾಡುವ ಮಾತೇ ಇಲ್ಲ.

ಆ ದೋಷ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಸರಿಯಾದ ಜಾಗದಿಂದ ಶುರು ಮಾಡಿದ್ದರೆ ಇಪ್ಪತ್ತು ನಿಮಿಷದ ಕೆಲಸ.

ಮೊದಲು ಮಾಡಿದ ತಪ್ಪು

ಎಡಿಟಿಂಗ್ ಸಾಫ್ಟ್‌ವೇರ್ ತೆಗೆದು ಬಣ್ಣದ ಛಾಯೆ ತಿರುಗಿಸುವ ಹ್ಯೂ ಸ್ಲೈಡರ್ ಎಳೆಯಲು ಕೂತೆ. ಕೆಂಪನ್ನು ದಾಳಿಂಬೆ ಕಡೆ ತಂದೆ. ಸೆರಗು ಸರಿಯಾಯಿತು, ಅರಿಶಿಣ ಹಚ್ಚಿದ ಕೆನ್ನೆ ಗುಲಾಬಿ ಆಯಿತು. ಕೆನ್ನೆ ಸರಿ ಮಾಡಲು ಹೋದರೆ ಹಸಿರು ಬಳೆ ಕೆಟ್ಟಿತು. ಬಣ್ಣದ ಸಮತೋಲ ಸರಿಸಿ ನೋಡಿದೆ. ಮದುಮಗನ ಬಿಳಿ ಧೋತರ ನೀಲಿ ಹಾಕಿ ಒಗೆದಂತೆ ಕಂಡಿತು.

ಅಲ್ಲಿಗೆ ತಲೆಗೆ ಹೊಳೆಯಿತು. ನಾನು ಕೈ ಹಚ್ಚುವ ಮೊದಲು ಧೋತರ ಸರಿಯಾಗಿಯೇ ಇತ್ತಲ್ಲ! ಮುತ್ತೈದೆಯರ ಸೆರಗು, ಬಳೆ ಎಲ್ಲ ಕೆಟ್ಟು, ಬಿಳಿ ಮಾತ್ರ ಅಚ್ಚ ಬಿಳಿಯಾಗಿ ಉಳಿದದ್ದು ಹೇಗೆ? ಕ್ಯಾಸೆಟ್ ಹಳತಾಗಿ ಕೆಟ್ಟರೆ ಬಿಳಿಯನ್ನು ಆರಿಸಿ ಬಿಟ್ಟುಬಿಡುವುದಿಲ್ಲ. ಇದು ಲೆಕ್ಕದ ತಪ್ಪು.

ಏನು ಲೆಕ್ಕ ಅದು

ಪರದೆ ತೋರಿಸುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣ. ವಿಡಿಯೊ ಫೈಲ್ ಮಾತ್ರ ಸಾಮಾನ್ಯವಾಗಿ ಅವನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ. ಒಂದು ಚುಕ್ಕೆಯಲ್ಲಿ ಬೆಳಕು ಎಷ್ಟು ಎಂಬುದು ಒಂದು ಅಂಕಿ. ಆ ಬೆಳಕಿನಿಂದ ನೀಲಿ ಎಷ್ಟು ದೂರ, ಕೆಂಪು ಎಷ್ಟು ದೂರ ಎಂಬುದು ಇನ್ನೆರಡು ಅಂಕಿ. ಕಪ್ಪು-ಬಿಳುಪು ಟಿವಿಗಳಿದ್ದ ಕಾಲದಲ್ಲಿ ಬಣ್ಣ ಬಂದಾಗ ಹಳೆ ಟಿವಿಯೂ ನಡೆಯಲಿ ಅಂತ ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಇಟ್ಟರು. ಆ ರೂಢಿ ಇವತ್ತಿನ ಮೊಬೈಲ್ ವಿಡಿಯೊವರೆಗೂ ನಡೆದು ಬಂದಿದೆ.

ಬೆಳಕಿನ ಅಂಕಿ ತೆಗೆಯಲು ಮೂರು ಬಣ್ಣಗಳನ್ನು ಒಂದು ಅಳತೆಯಲ್ಲಿ ಬೆರೆಸಬೇಕು. ತೊಂದರೆ ಇರುವುದು ಇಲ್ಲೇ, ಯಾಕಂದರೆ ಬಳಕೆಯಲ್ಲಿ ಮುಖ್ಯವಾಗಿ ಎರಡು ಅಳತೆಗಳಿವೆ. 1982ರಲ್ಲಿ ಬಂದ ಬಿಟಿ.601 ಕ್ರಮದಲ್ಲಿ ಕೆಂಪು 0.299, ಹಸಿರು 0.587, ನೀಲಿ 0.114. ಇದು ಹಳೆ ಟಿವಿ, ಡಿವಿಡಿ, ಕ್ಯಾಸೆಟ್ ಕ್ಯಾಪ್ಚರ್‌ಗಳ ಲೆಕ್ಕ. 1990ರಲ್ಲಿ ಎಚ್‌ಡಿಗಾಗಿ ಬಂದ ಬಿಟಿ.709ರಲ್ಲಿ ಕೆಂಪು 0.2126, ಹಸಿರು 0.7152, ನೀಲಿ 0.0722. ಬರೆಯುವವರು 601ರಲ್ಲಿ ಬರೆದು ಓದುವವರು 709ರಲ್ಲಿ ಓದಿದರೆ ಬಣ್ಣ ಹೊರಳುತ್ತದೆ. ಎರಡೂ ಅಳತೆಗಳಲ್ಲಿ ಮೂರು ಅಂಕಿ ಕೂಡಿದರೆ ಮೊತ್ತ 1 ಆಗುತ್ತದೆ. ಬಿಳಿ, ಬೂದಿಗಳಲ್ಲಿ ಮೂರೂ ಬಣ್ಣ ಸಮ ಇರುವುದರಿಂದ ಯಾವ ಲೆಕ್ಕ ಹಾಕಿದರೂ ಉತ್ತರ ಅದೇ. ಧೋತರ ಕೆಡದೆ ಉಳಿದದ್ದು ಅದಕ್ಕೇ.

ಬೇಕಾದರೆ ನೀವೇ ಹಾಕಿ ನೋಡಿ. ದಾಳಿಂಬೆ ಕೆಂಪಿಗೆ ಕೆಂಪು 170, ಹಸಿರು 20, ನೀಲಿ 40 ಅಂತ ಇಟ್ಟುಕೊಳ್ಳಿ. 601ರಲ್ಲಿ ಬರೆದು 709ರಲ್ಲಿ ಓದಿದರೆ ಅದು 183, 36, 39 ಆಗಿ ಬರುತ್ತದೆ. ನೀಲಿ ಹೆಚ್ಚುಕಡಿಮೆ ಅಷ್ಟೇ ಇದ್ದು ಹಸಿರು ಸುಮಾರು ಎರಡು ಪಟ್ಟು. ಕೆಂಪಿಗೆ ಹಸಿರು ಸೇರಿದರೆ ಆಗುವುದು ಕೇಸರಿ ಅಲ್ವಾ? ಗಿಳಿ ಹಸಿರು 60, 150, 40 ಇದ್ದದ್ದು 54, 135, 37ಕ್ಕೆ ಇಳಿದು ಮಬ್ಬಾಗುತ್ತದೆ. ಅರಿಶಿಣದ ಹಳದಿ 220, 170, 30 ಇದ್ದರೆ 226, 167, 23. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಈ ದೋಷ ಮುಖ ನೋಡಿದರೆ ಸಿಗುವುದಿಲ್ಲ, ಸೀರೆ ನೋಡಿದರೆ ಸಿಗುತ್ತದೆ. ನಾನು ಫೈಲ್ ಕೊಡುವ ಮೊದಲು ಮುಖಗಳನ್ನಷ್ಟೇ ನೋಡಿ ಪಾಸ್ ಮಾಡಿದ್ದೆ.

ಮೊದಲ ಪರೀಕ್ಷೆ: ಕಂಪ್ಯೂಟರ್ ಬಿಟ್ಟು ನೋಡಿ

ವಿಸಿಆರ್‌ನ ಹಳದಿ ವಿಡಿಯೊ ಪಿನ್ ಕಂಪ್ಯೂಟರ್ ಕಡೆಯಿಂದ ಕಿತ್ತು ನೇರ ಟಿವಿಗೆ ಹಾಕಿ. ಹಳೆ ಡಬ್ಬಾ ಟಿವಿ ಇದ್ದರೆ ಇನ್ನೂ ಒಳ್ಳೆಯದು. ನನ್ನಲ್ಲಿ ಒಂದು ಇದೆ. ಗುಜರಿಯವನು ಎರಡು ಸಲ ಕೇಳಿದ್ದಾನೆ, ಕೊಟ್ಟಿಲ್ಲ. ಅದರಲ್ಲಿ ಸೆರಗು ದಾಳಿಂಬೆ ಕೆಂಪಾಗಿಯೇ ಕಂಡಿತು. ಅಂದರೆ ಕ್ಯಾಸೆಟ್, ವಿಸಿಆರ್ ಎರಡೂ ನಿರ್ದೋಷಿ.

ನಮ್ಮ ದೇಶದ ಕ್ಯಾಸೆಟ್‌ಗಳ ಬಗ್ಗೆ ಇನ್ನೊಂದು ಮಾತು. ನಮ್ಮದು ಪಾಲ್ ಎಂಬ ಟಿವಿ ಬಣ್ಣದ ಪದ್ಧತಿ. ಅದರಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಗೆ ಬಣ್ಣದ ಸಂಕೇತ ತಿರುಗಿಸಿ ಕಳಿಸುತ್ತಾರೆ. ದಾರಿಯಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಎರಡು ಗೆರೆಗಳ ತಪ್ಪು ಒಂದನ್ನೊಂದು ಹೊಡೆದುಹಾಕುತ್ತದೆ. ಬಣ್ಣ ತುಸು ತೆಳುವಾಗಬಹುದು, ಆದರೆ ಕೆಂಪು ಹೋಗಿ ಕೇಸರಿ ಆಗುವುದು ಅಪರೂಪ. ಪಾಲ್ ಕ್ಯಾಸೆಟ್‌ನಲ್ಲಿ ಬಣ್ಣದ ಜಾತಿಯೇ ಬದಲಾಗಿದೆ ಅಂದರೆ ಅನುಮಾನ ಮೊದಲು ಕಂಪ್ಯೂಟರ್ ಕಡೆ ಹೋಗಬೇಕು.

ಬಿಳಿ, ಕಪ್ಪು, ಕೆಂಪು: ಈ ಕ್ರಮದಲ್ಲಿ

ಈಗ ಕ್ಯಾಪ್ಚರ್ ಆದ ಫೈಲ್ ತೆಗೆಯಿರಿ. ಬಣ್ಣ ಬಣ್ಣದ ಬಟ್ಟೆ, ಬಿಳಿ, ಕಪ್ಪು ಕೂದಲು ಮೂರೂ ಇರುವ ಒಂದು ಫ್ರೇಮ್ ಹುಡುಕಿ ನಿಲ್ಲಿಸಿ. ನಮ್ಮ ಮದುವೆಗಳಲ್ಲಿ ಅಕ್ಕಿಕಾಳು ಹಾಕುವ ಹೊತ್ತಿನ ಫ್ರೇಮ್‌ಗಿಂತ ಒಳ್ಳೆಯದು ಬೇಡ.

ಬಿಳಿಗೇ ಬಣ್ಣ ಹತ್ತಿದ್ದರೆ, ಧೋತರ ಹಳದಿಯಾಗಿ ಅಥವಾ ನೀಲಿಯಾಗಿ ಕಂಡರೆ, ಅದು ಕ್ಯಾಮೆರಾದ ವೈಟ್ ಬ್ಯಾಲೆನ್ಸ್. ಶೂಟ್ ಮಾಡಿದಾಗಲೇ ಆದದ್ದು. ಅದಕ್ಕೆ ಸ್ಲೈಡರ್ ಎಳೆಯಿರಿ, ತಪ್ಪಿಲ್ಲ.

ಬಿಳಿ ಸರಿ ಇದ್ದು ಕಪ್ಪು ಬೂದಿಯಾಗಿದ್ದರೆ, ಇಡೀ ಚಿತ್ರದ ಮೇಲೆ ತೆಳು ಹಾಲಿನ ಪರದೆ ಎಳೆದಂತೆ ಇದ್ದರೆ, ಅದು ರೇಂಜ್ ತಪ್ಪು. ಅದರ ಮಾತು ಮುಂದೆ ಬರುತ್ತದೆ.

ಬಿಳಿ, ಕಪ್ಪು ಎರಡೂ ಸರಿ ಇದ್ದು ಗಾಢ ಬಣ್ಣಗಳು ಮಾತ್ರ ಹೊರಳಿದ್ದರೆ 601, 709ರ ಅದಲು ಬದಲು. ಕೆಂಪು ಕೇಸರಿಯತ್ತ ಹೋಗಿ ಹಸಿರು ಮಂಕಾಗಿದ್ದರೆ 601ನ್ನು 709 ಅಂತ ಓದಲಾಗಿದೆ. ಕೆಂಪು ಕಪ್ಪಗಾಗಿ ಹಸಿರು ಕಣ್ಣು ಕುಕ್ಕುತ್ತಿದ್ದರೆ ಅದರ ತಿರುಗಾಮುರುಗಾ.

ಕಣ್ಣನ್ನು ಜಾಸ್ತಿ ನಂಬಬೇಡಿ. ಐದು ನಿಮಿಷ ನೋಡಿದರೆ ಕಣ್ಣು ಎಂಥ ಕೇಸರಿಗೂ ಒಗ್ಗಿಕೊಳ್ಳುತ್ತದೆ. ಫ್ರೇಮ್‌ನ ಚಿತ್ರ ಉಳಿಸಿ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆಗೆದು ಬಣ್ಣ ಆರಿಸುವ ಉಪಕರಣದಿಂದ ಅಂಕಿ ಓದಿ. ಕ್ಯಾಸೆಟ್ ಚಿತ್ರದಲ್ಲಿ ಕಾಳು ಕಾಳಾಗಿ ಗದ್ದಲ ಇರುತ್ತದೆ. ಒಂದೇ ಚುಕ್ಕೆ ಮುಟ್ಟಿದರೆ ಒಮ್ಮೆ 160, ಪಕ್ಕದಲ್ಲೇ 185 ಬರುತ್ತದೆ. ಸುತ್ತಲಿನ ಸರಾಸರಿ ತೆಗೆಯುವ ಆಯ್ಕೆ ಅಲ್ಲಿದೆ, ಅದನ್ನು ಹಾಕಿ ಸೆರಗಿನ ನಡುವೆ ಒತ್ತಿ.

ಎಚ್‌ಡಿಎಂಐ ಮೂಲಕ ಕ್ಯಾಪ್ಚರ್ ಮಾಡುವವರಿಗೆ ಇದಕ್ಕಿಂತ ಪಕ್ಕಾ ಪರೀಕ್ಷೆ ಇದೆ. ಅಚ್ಚ ಕೆಂಪು, ಅಚ್ಚ ಹಸಿರು, ಕಪ್ಪು, ಬಿಳಿ ಪಟ್ಟಿಗಳ ಒಂದು ಚಿತ್ರ ಮಾಡಿ ಲ್ಯಾಪ್‌ಟಾಪ್‌ನಿಂದ ಕ್ಯಾಪ್ಚರ್ ಕಾರ್ಡ್‌ಗೆ ಕಳಿಸಿ ರೆಕಾರ್ಡ್ ಮಾಡಿ. 255, 0, 0 ಇದ್ದ ಕೆಂಪು 255, 25, 0ರ ಹತ್ತಿರ ಬಂದು, 0, 255, 0 ಇದ್ದ ಹಸಿರು 0, 215, 0 ಆಗಿದ್ದರೆ 601ನ್ನು 709 ಅಂತ ಓದಿದ್ದು. ಕೆಂಪು 233, 0, 2 ಮತ್ತು ಹಸಿರು 20, 255, 8 ಬಂದರೆ 709ನ್ನು 601 ಅಂತ ಓದಿದ್ದು. ಕಪ್ಪು 16, ಬಿಳಿ 235 ಬಂದರೆ ರೇಂಜ್. ಒಂದೆರಡು ಅಂಕಿ ಆಚೀಚೆ ಆಗಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಈ ಅಂಕಿಗಳನ್ನು ನಾನು ಮಾನಿಟರ್ ಪಕ್ಕದ ಗೋಡೆಗೆ ಬರೆದು ಅಂಟಿಸಿದ್ದೇನೆ.

ಚೀಟಿ ಎಲ್ಲಿ ಕಳೆಯಿತು

ವಿಡಿಯೊ ಫೈಲ್‌ನಲ್ಲಿ ಅಂಕಿಗಳ ಜೊತೆಗೆ ಒಂದು ಟ್ಯಾಗ್ ಇರಬೇಕು. ಇದು 601, ಇದು 709, ಇಂಥ ರೇಂಜ್ ಅಂತ. ಚೀಲದ ಮೇಲಿನ ಚೀಟಿ ಇದ್ದಂತೆ. ಚೀಟಿ ಇಲ್ಲದ ಚೀಲ ಬಂದರೆ ಪ್ಲೇಯರ್ ಏನು ಮಾಡುತ್ತದೆ? ಊಹಿಸುತ್ತದೆ. ಬಹಳಷ್ಟು ಪ್ಲೇಯರ್‌ಗಳು ಚಿತ್ರದ ಅಳತೆ ನೋಡುತ್ತವೆ. ಚಿಕ್ಕ ಚಿತ್ರ ಇದ್ದರೆ 601 ಇರಬೇಕು, ಎಚ್‌ಡಿ ಇದ್ದರೆ 709 ಇರಬೇಕು ಅಂತ.

ನನ್ನ ಕಥೆ ಇಲ್ಲೇ ಬಿಚ್ಚಿಕೊಂಡಿತು. ಕ್ಯಾಪ್ಚರ್ ಆದ ಮೂಲ ಫೈಲ್ 720×576. ಅದನ್ನು ನನ್ನ ಕಂಪ್ಯೂಟರ್‌ನಲ್ಲಿ ನೋಡಿದರೆ ಸೆರಗು ಸರಿ ಇತ್ತು. ದೊಡ್ಡ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಅದನ್ನೇ 1080ರ ಎತ್ತರಕ್ಕೆ ಹಿಗ್ಗಿಸಿ, ಎಡಬಲ ಕಪ್ಪು ಪಟ್ಟಿ ಕೊಟ್ಟು ಅಕ್ಕಾರಿಗೆ ಕೊಟ್ಟಿದ್ದೆ. ಎರಡನ್ನೂ ಫೈಲ್‌ನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ತೆಗೆದು ನೋಡಿದೆ. ಟ್ಯಾಗ್ ಇದ್ದಿದ್ದರೆ ಕಲರ್ ರೇಂಜ್, ಕಲರ್ ಪ್ರೈಮರೀಸ್, ಮ್ಯಾಟ್ರಿಕ್ಸ್ ಕೋಎಫಿಶಿಯಂಟ್ಸ್ ಅನ್ನುವ ಸಾಲುಗಳು ಕಾಣಬೇಕು. ಎರಡರಲ್ಲೂ ಆ ಸಾಲುಗಳೇ ಇಲ್ಲ. ಮೂಲ ಫೈಲ್ ಚಿಕ್ಕದು, ಪ್ಲೇಯರ್ 601 ಅಂತ ಊಹಿಸಿತು, ಊಹೆ ಸರಿಯಾಯಿತು. ಹಿಗ್ಗಿಸಿದ ಫೈಲ್ ಎಚ್‌ಡಿ ಅಳತೆಯದು, ಅವರ ಮನೆ ಟಿವಿ 709 ಅಂದುಕೊಂಡಿತು. ಒಳಗಿನ ಅಂಕಿಗಳು ಮಾತ್ರ ಹಳೆ 601ರವೇ. ಹಿಗ್ಗಿಸುವಾಗ ಸಾಫ್ಟ್‌ವೇರ್ ಚಿತ್ರದ ಅಳತೆ ಬದಲಿಸಿತು, ಬಣ್ಣದ ಲೆಕ್ಕ ಬದಲಿಸಲಿಲ್ಲ. ಬದಲಿಸು ಅಂತ ನಾನು ಹೇಳಿಯೂ ಇರಲಿಲ್ಲ.

ಎರಡೂ ಫೈಲ್ ಅಕ್ಕಪಕ್ಕ ತೆರೆದು ಅದೇ ಫ್ರೇಮ್‌ಗೆ ನಿಲ್ಲಿಸಿದೆ. ಎಡಗಡೆ ದಾಳಿಂಬೆ, ಬಲಗಡೆ ಇಟ್ಟಿಗೆ. ಧೋತರ ಎರಡರಲ್ಲೂ ಒಂದೇ.

ಚೀಟಿ ಬದಲಿಸುವುದು ಬೇರೆ, ಸರಕು ಬದಲಿಸುವುದು ಬೇರೆ

ಇದೊಂದನ್ನು ನಿಧಾನಕ್ಕೆ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

ದಾರಿ ಎರಡಿವೆ. ಒಂದು, ಅಂಕಿಗಳನ್ನು ಮುಟ್ಟದೆ ಟ್ಯಾಗ್ ಮಾತ್ರ ಹಚ್ಚುವುದು. ಇದಕ್ಕೆ ವಿಡಿಯೊ ಮತ್ತೆ ಎನ್‌ಕೋಡ್ ಆಗಬೇಕಿಲ್ಲ, ಅಂದರೆ ಹೊಸದಾಗಿ ಕುಗ್ಗಿಸಿ ಬರೆಯಬೇಕಿಲ್ಲ. ಎಂಕೆವಿ ಫೈಲ್ ಆದರೆ ಎಂಕೆವಿ ಟೂಲ್‌ನಿಕ್ಸ್‌ನ ಹೆಡರ್ ಎಡಿಟರ್‌ನಲ್ಲಿ ಕೂಡಲೇ ಆಗುತ್ತದೆ. ಇನ್ನೊಂದು, ಅಂಕಿಗಳನ್ನೇ 601ರಿಂದ 709ಕ್ಕೆ ಲೆಕ್ಕ ಹಾಕಿ ಬದಲಿಸಿ, ಆಮೇಲೆ 709 ಅಂತ ಟ್ಯಾಗ್ ಹಚ್ಚುವುದು. ಇದಕ್ಕೆ ಮತ್ತೆ ಎನ್‌ಕೋಡ್ ಮಾಡಲೇಬೇಕು.

ಅಂಕಿ ಬದಲಿಸದೆ 709 ಅಂತ ಚೀಟಿ ಅಂಟಿಸಿದರೆ ತಪ್ಪು ಗಟ್ಟಿಯಾಗುತ್ತದೆ ಅಷ್ಟೇ. ಮೊದಲು ಪ್ಲೇಯರ್ ಊಹಿಸಿ ತಪ್ಪುತ್ತಿತ್ತು, ಈಗ ನೀವೇ ಸುಳ್ಳು ಹೇಳಿ ತಪ್ಪಿಸುತ್ತೀರಿ. ಜೋಳದ ಚೀಲಕ್ಕೆ ಗೋಧಿ ಚೀಟಿ ಹಚ್ಚಿದರೆ ಚಪಾತಿ ಆಗುತ್ತದಾ?

ಮೂಲ ಅಳತೆಯ 576ರ ಫೈಲ್‌ಗೆ ನಾನು ಟ್ಯಾಗ್ ಮಾತ್ರ ಹಚ್ಚಿ ಎತ್ತಿಟ್ಟೆ. ಕೊಡಬೇಕಾದ ಎಚ್‌ಡಿ ಫೈಲ್ ಮತ್ತೆ ಮಾಡಿದೆ. ವಿಡಿಯೊ ಬದಲಿಸುವ ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್ ಬಳಸುವವರು ಸ್ಕೇಲ್ ಫಿಲ್ಟರ್‌ನಲ್ಲಿ ಹೊಸ ಅಳತೆ ಕೊಡುವಾಗಲೇ, ಒಳಬರುವ ಕಲರ್ ಮ್ಯಾಟ್ರಿಕ್ಸ್ ಬಿಟಿ601, ಹೊರಹೋಗುವ ಕಲರ್ ಮ್ಯಾಟ್ರಿಕ್ಸ್ ಬಿಟಿ709 ಅಂತ ಎರಡನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಕಲರ್ ಸ್ಪೇಸ್, ಪ್ರೈಮರೀಸ್, ಟ್ರಾನ್ಸ್‌ಫರ್ ಮೂರಕ್ಕೂ ಬಿಟಿ709, ರೇಂಜ್‌ಗೆ ಟಿವಿ ಅಂತ ಟ್ಯಾಗ್. ಪ್ರೈಮರೀಸ್, ಅಂದರೆ ಮೂಲ ಕೆಂಪು, ಹಸಿರು, ನೀಲಿಗಳ ಛಾಯೆ, ಪೂರ್ತಿ ಒಂದೇ ಅಲ್ಲವಲ್ಲ ಅಂತ ಕೆಲವರು ತಕರಾರು ಎತ್ತುತ್ತಾರೆ. ಪಾಲ್‌ನದೂ 709ರದೂ ಕೆಂಪು, ನೀಲಿ ಒಂದೇ. ಹಸಿರು ಕೂದಲೆಳೆ ಬೇರೆ. ಮದುವೆ ಕ್ಯಾಸೆಟ್‌ಗೆ ಆ ಲೆಕ್ಕ ಬೇಡ, ಬಿಡಿ.

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಮಾಡುವವರು ಟೈಮ್‌ಲೈನ್‌ಗೆ ಹಾಕುವ ಮೊದಲೇ ಮೂಲ ಫೈಲ್‌ಗೆ 601 ಟ್ಯಾಗ್ ಹಚ್ಚಿರಿ. ಆಮೇಲೆ ಬಂದ ಫೈಲ್‌ನಲ್ಲಿ ಸೆರಗಿನ ಅಂಕಿ ಓದಿ ನೋಡಿ. ಸಾಫ್ಟ್‌ವೇರ್ ತಾನೇ ಮಾಡಿರುತ್ತದೆ ಅಂತ ನಂಬಿ ಕೂರಬೇಡಿ.

ರೇಂಜ್: ಕೂದಲು ಬೂದಿಯಾದಾಗ

ಕಪ್ಪಿನಿಂದ ಬಿಳಿವರೆಗೆ ಕಂಪ್ಯೂಟರ್ 0ಯಿಂದ 255ರವರೆಗೆ ಎಣಿಸುತ್ತದೆ. ಟಿವಿ ವಿಡಿಯೊದಲ್ಲಿ ಕಪ್ಪು 16, ಬಿಳಿ 235. ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಮೊದಲನೆಯದನ್ನು ಫುಲ್, ಎರಡನೆಯದನ್ನು ಲಿಮಿಟೆಡ್ ಅನ್ನುತ್ತಾರೆ. ಲಿಮಿಟೆಡ್ ವಿಡಿಯೊವನ್ನು ಫುಲ್ ಅಂತ ತೋರಿಸಿದರೆ ಕಪ್ಪು ಕೂದಲು ಬೂದಿ, ಇಡೀ ಚಿತ್ರ ಪೇಲವ. ಫುಲ್ ಇದ್ದದ್ದನ್ನು ಲಿಮಿಟೆಡ್ ಅಂತ ಓದಿದರೆ ಜಡೆ, ಕರಿ ಕೋಟು, ನೆರಳು ಎಲ್ಲ ಒಂದೇ ಮಸಿಯ ಮುದ್ದೆ. ಬಿಳಿ ಸೀರೆಯ ನೆರಿಗೆ ಕಾಣುವುದಿಲ್ಲ.

ಕ್ಯಾಸೆಟ್ ಕ್ಯಾಪ್ಚರ್‌ನಲ್ಲಿ ಇದನ್ನು ಹಿಡಿಯಲು ಒಂದು ಸುಲಭ ಜಾಗ ಇದೆ. ಚಿತ್ರದ ಎಡ ಬಲ ಅಂಚಿನಲ್ಲಿ ಸಣ್ಣ ಕಪ್ಪು ಗೆರೆ ಉಳಿದಿರುತ್ತದೆ. ಅದನ್ನು ಕತ್ತರಿಸುವ ಮೊದಲು ಅದರ ಅಂಕಿ ಓದಿ. 16ರ ಆಸುಪಾಸು ಬಂದರೆ ರೇಂಜ್ ಬಿಚ್ಚಿಕೊಂಡಿಲ್ಲ ಅಂತ ಅರ್ಥ.

ಪೇಲವ ಚಿತ್ರಕ್ಕೆ ಕಾಂಟ್ರಾಸ್ಟ್ ಏರಿಸಿದರೆ ಆಯ್ತಲ್ಲ ಅಂತ ಅನಿಸುತ್ತದೆ. ಏರಿಸಿ ಕೊಟ್ಟಿರಿ ಅನ್ನಿ. ಗಿರಾಕಿಯ ಟಿವಿ ತನ್ನ ಪಾಡಿಗೆ ರೇಂಜ್ ಸರಿಯಾಗಿ ಬಿಚ್ಚಿಕೊಳ್ಳುತ್ತದೆ, ಆಗ ಎರಡು ಸಲ ಬಿಚ್ಚಿಕೊಂಡು ಮಸಿ. ನಿಮ್ಮ ಮಾನಿಟರ್‌ನಲ್ಲಿ ಚೆಂದ, ಅವರ ಮನೆಯಲ್ಲಿ ಅಮಾವಾಸ್ಯೆ. ಎಷ್ಟೋ ಸಲ ಫೈಲ್‌ನಲ್ಲಿ ದೋಷವೇ ಇರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಡೈನಾಮಿಕ್ ರೇಂಜ್ ಲಿಮಿಟೆಡ್ ಅಂತ ಕೂತಿರುತ್ತದೆ, ಮಾನಿಟರ್ ಅದನ್ನು ಫುಲ್ ಅಂತ ತಿಳಿದಿರುತ್ತದೆ. ಆಗ ವಿಡಿಯೊ ಅಷ್ಟೇ ಅಲ್ಲ, ಡೆಸ್ಕ್‌ಟಾಪ್‌ನ ಕಪ್ಪೂ ಬೂದಿಯಾಗಿ ಕಾಣುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ.

ಓಬಿಎಸ್ ಬಳಸುವವರಿಗೆ

ರೆಕಾರ್ಡಿಂಗ್, ನೇರ ಪ್ರಸಾರಕ್ಕೆ ಬಳಸುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ ಬಣ್ಣದ ಸೆಟ್ಟಿಂಗ್ ಎರಡು ಕಡೆ ಇದೆ. ಎರಡಕ್ಕೂ ಕೆಲಸ ಬೇರೆ. ವಿಡಿಯೊ ಕ್ಯಾಪ್ಚರ್ ಡಿವೈಸ್‌ನ ಪ್ರಾಪರ್ಟೀಸ್‌ನಲ್ಲಿ ಇರುವ ಕಲರ್ ಸ್ಪೇಸ್, ಕಲರ್ ರೇಂಜ್ ಒಳಗೆ ಬರುವುದನ್ನು ಹೇಗೆ ಓದಬೇಕು ಅಂತ ಹೇಳುತ್ತವೆ. ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಇರುವವು ಹೊರಗೆ ಹೇಗೆ ಬರೆಯಬೇಕು ಅಂತ ಹೇಳುತ್ತವೆ. ಒಳಗಿನ ತಪ್ಪನ್ನು ಹೊರಗಿನ ಸೆಟ್ಟಿಂಗ್‌ನಿಂದ ತಿದ್ದಲು ಹೋಗಬೇಡಿ. ಪ್ರಿವ್ಯೂ ಕಿಟಕಿಯಲ್ಲೇ ಬಣ್ಣ ಕೆಟ್ಟಿದ್ದರೆ ತಪ್ಪು ಒಳಗಿನದು. ಪ್ರಿವ್ಯೂ ಸರಿ ಇದ್ದು ರೆಕಾರ್ಡ್ ಆದ ಫೈಲ್ ಕೆಟ್ಟಿದ್ದರೆ ಹೊರಗಿನದು, ಅಥವಾ ಅದನ್ನು ತೋರಿಸುವ ಪ್ಲೇಯರ್‌ನದು.

ಹೊರಗಿನದಕ್ಕೆ ನಾನು ಇಡುವುದು ಕಲರ್ ಫಾರ್ಮ್ಯಾಟ್ ಎನ್‌ವಿ12, ಸ್ಪೇಸ್ 709, ರೇಂಜ್ ಲಿಮಿಟೆಡ್. ಫುಲ್ ಅಂದರೆ ಜಾಸ್ತಿ ಚೆನ್ನಾಗಿರುತ್ತದೆ ಅಂತ ಹುಡುಗರು ಅದನ್ನು ಒತ್ತುತ್ತಾರೆ. ಅದು ದಾರಿಯಲ್ಲಿ ಯಾರೋ ಒಬ್ಬರ ಪ್ಲೇಯರ್‌ನಲ್ಲಿ ಮಸಿಯಾಗಿ ಬಂದು ನಿಮ್ಮ ಮೇಲೆಯೇ ಬೀಳುತ್ತದೆ.

ಒಳಗಿನದರಲ್ಲಿ ಒಂದು ಸಿಕ್ಕು ಇದೆ. ಅಗ್ಗದ ಯುಎಸ್‌ಬಿ ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿಗಳು ದೊಡ್ಡ ಅಳತೆಯ ಚಿತ್ರವನ್ನು ಎಂಜೆಪೆಗ್ ಮಾಡಿ, ಅಂದರೆ ಒಂದೊಂದು ಫ್ರೇಮನ್ನೂ ಜೆಪೆಗ್ ಫೋಟೊದಂತೆ ಕುಗ್ಗಿಸಿ ಕಳಿಸುತ್ತವೆ. ಜೆಪೆಗ್‌ನ ರೂಢಿ 601, ಫುಲ್. ಎಚ್‌ಡಿ ಕ್ಯಾಮೆರಾದಿಂದ ಬರುವ ವಿಡಿಯೊ ಸಾಮಾನ್ಯವಾಗಿ 709, ಲಿಮಿಟೆಡ್. ಈ ಎರಡರ ನಡುವೆ ಕಡ್ಡಿ ಲೆಕ್ಕ ಬದಲಿಸುತ್ತದೋ ಇಲ್ಲವೋ ಎಂಬುದು ಅದನ್ನು ಮಾಡಿದವನಿಗೇ ಗೊತ್ತು. ಡಿಫಾಲ್ಟ್ ಅಂತ ಬಿಡದೆ ಮೇಲೆ ಹೇಳಿದ ಪಟ್ಟಿ ಚಿತ್ರ ಕಳಿಸಿ ಅಂಕಿ ನೋಡಿ, ಯಾವುದು ಹೊಂದುತ್ತದೋ ಅದನ್ನು ಇಡಿ. ಒಮ್ಮೆ ಗೊತ್ತಾದರೆ ಆ ಕಡ್ಡಿಗೆ ಅದೇ ಕಾಯಂ. ನನ್ನ ಕಡ್ಡಿಯ ಬೆನ್ನ ಮೇಲೆ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.

ನೋಡಿದ ಕೂಡಲೇ ಹೇಳಬಹುದಾದವು

ಇಡೀ ಚಿತ್ರ ಗುಲಾಬಿ, ಹಸಿರು ಎರಡೇ ಬಣ್ಣದಲ್ಲಿ ಇದ್ದರೆ ಒಬ್ಬರು ಕೆಂಪು-ಹಸಿರು-ನೀಲಿ ಅಂಕಿ (ಆರ್‌ಜಿಬಿ) ಕಳಿಸುತ್ತಿದ್ದಾರೆ, ಇನ್ನೊಬ್ಬರು ಅದನ್ನು ಬೆಳಕು-ಬಣ್ಣದ ಅಂಕಿ (ವೈಸಿಬಿಸಿಆರ್) ಅಂತ ಓದುತ್ತಿದ್ದಾರೆ, ಇಲ್ಲವೇ ಅದರ ಉಲ್ಟಾ. ವಿಜಯಪುರದಲ್ಲಿ ಸಂಕ್ರಾಂತಿ ಹೊತ್ತಿನ ಸಿದ್ಧೇಶ್ವರ ಜಾತ್ರೆಯ ನೇರ ಪ್ರಸಾರಕ್ಕೆ ಕೂತಿದ್ದ ಗೆಳೆಯನೊಬ್ಬ ಫೋನ್ ಮಾಡಿದ್ದ. "ನಂದಿಕೋಲು ಎಲ್ಲಾ ಗುಲಾಬಿ ಬರಾಕತ್ತಾವಲೇ, ಮಂದಿ ಬಯ್ಯಾಕತ್ತಾರ!" ಕೇಬಲ್ ಕಿತ್ತು ಹಾಕು, ಸರಿಯಾಗದಿದ್ದರೆ ಕ್ಯಾಮೆರಾದ ಎಚ್‌ಡಿಎಂಐ ಔಟ್‌ಪುಟ್ ಆಟೋದಿಂದ ತೆಗೆದು ಒಂದಕ್ಕೆ ನಿಲ್ಲಿಸು ಅಂದೆ. ಕೇಬಲ್ ಕಿತ್ತು ಹಾಕಿದ್ದಕ್ಕೇ ಸರಿಹೋಯಿತು. ಎರಡು ಯಂತ್ರ ಮೊದಲು ಮಾತಾಡಿಕೊಳ್ಳುವಾಗಲೇ ತಪ್ಪಾಗಿ ಕೇಳಿಸಿಕೊಂಡಿದ್ದವು.

ಬರೀ ಕಡು ಹಸಿರು ಪರದೆ ಬಂದರೆ ಬಣ್ಣದ ದೋಷವೇ ಅಲ್ಲ. ಚಿತ್ರವೇ ಬರುತ್ತಿಲ್ಲ. ಬೆಳಕಿನ ಒಂದು, ಬಣ್ಣದ ಎರಡು, ಹೀಗೆ ಮೂರೂ ಅಂಕಿ ಸೊನ್ನೆ ಇದ್ದರೆ ಅದು ಕಪ್ಪಾಗುವುದಿಲ್ಲ, ಹಸಿರಾಗುತ್ತದೆ. ಡ್ರೈವರ್, ಕೇಬಲ್ ನೋಡಿ.

ಮುಖ ನೀಲಿ ಬಂದರೆ ಕೆಂಪು, ನೀಲಿಗಳು ಜಾಗ ಬದಲಿಸಿಕೊಂಡಿವೆ. ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್ ವಿಡಿಯೊ ತಂದು ಇದನ್ನೇ ತೋರಿಸುತ್ತಾರೆ. ಅವರು ಬಳಸುವ ಓಪನ್‌ಸಿವಿ ಎಂಬ ಕೋಡ್ ಸಂಗ್ರಹ ಚಿತ್ರ ಓದುವುದು ನೀಲಿ, ಹಸಿರು, ಕೆಂಪು ಕ್ರಮದಲ್ಲಿ. ಬೇರೆ ಕಡೆ ತೋರಿಸುವ ಮೊದಲು ಕ್ರಮ ತಿರುಗಿಸಬೇಕು.

ಕ್ಯಾಸೆಟ್ ಕಪ್ಪು-ಬಿಳುಪು ಬಂದರೆ ಕ್ಯಾಪ್ಚರ್ ಕಡ್ಡಿ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೂತಿರುತ್ತದೆ. ಪಾಲ್ ಬಣ್ಣ 4.43 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದು 3.58ರಲ್ಲಿ ಹುಡುಕುತ್ತಿರುತ್ತದೆ. ಅಮೆರಿಕದಲ್ಲಿರುವ ಮಗ ಕಳಿಸಿದ ಕ್ಯಾಸೆಟ್ ಆದರೆ ಇದೇ ಉಲ್ಟಾ. ಹಳದಿ ಪಿನ್ನನ್ನು ಕಾಂಪೊನೆಂಟ್‌ನ ಹಸಿರು ತೂತಿಗೆ ಹಾಕಿದರೂ ಕಪ್ಪು-ಬಿಳುಪೇ ಬರುತ್ತದೆ.

ಕೆಂಪು ಬಣ್ಣ ಗೆರೆ ದಾಟಿ ಪಕ್ಕಕ್ಕೆ ಸೋರಿದಂತೆ ಇದ್ದರೆ ಅದು ವಿಎಚ್‌ಎಸ್ ಕ್ಯಾಸೆಟ್‌ನ ಗುಣ. ಬಣ್ಣಕ್ಕೆ ಅದರಲ್ಲಿ ಇಟ್ಟಿರುವ ಜಾಗವೇ ಕಡಿಮೆ. ಯಾವ ಸೆಟ್ಟಿಂಗ್‌ನಿಂದಲೂ ಹೋಗುವುದಿಲ್ಲ.

ಈಚಿನ ಐಫೋನ್ ವಿಡಿಯೊ ಎಡಿಟಿಂಗ್‌ಗೆ ಹಾಕಿದಾಗ ಸುಟ್ಟಂತೆ ಅಥವಾ ಪೇಲವವಾಗಿ ಕಂಡರೆ ಅದು ಎಚ್‌ಡಿಆರ್, ಅಂದರೆ ಬೆಳಕು-ನೆರಳು ಹೆಚ್ಚು ಹಿಡಿಯುವ ವಿಡಿಯೊ. 2020ರ ಐಫೋನ್ 12ರಿಂದ ಅವು ಬಿಟಿ.2020 ಬಣ್ಣದಲ್ಲಿ ಎಚ್‌ಡಿಆರ್ ರೆಕಾರ್ಡ್ ಮಾಡಬಲ್ಲವು. ಅದನ್ನು 709ಕ್ಕೆ ಇಳಿಸಿಯೇ ಸಾದಾ ಟೈಮ್‌ಲೈನ್‌ನಲ್ಲಿ ಬಳಸಬೇಕು. ಮದುವೆ ಕ್ಯಾಮೆರಾದವರು ಲಾಗ್‌ನಲ್ಲಿ, ಅಂದರೆ ಆಮೇಲೆ ಬಣ್ಣ ತಿದ್ದಲೆಂದು ಪೇಲವವಾಗಿ, ಶೂಟ್ ಮಾಡಿದ ಬೂದಿ ಚಿತ್ರ ಮಾತ್ರ ದೋಷವೇ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು.

ಇನ್ನೊಂದು, ಬಣ್ಣ ಸರಿ ಇದೆಯೋ ಇಲ್ಲವೋ ಅಂತ ಗಿರಾಕಿಗೆ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿ ಕೇಳಬೇಡಿ. ಅದು ಮತ್ತೆ ಎನ್‌ಕೋಡ್ ಮಾಡುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಅಕ್ಕಾರು ಮತ್ತೆ ಬಂದಾಗ

ಹೊಸ ಫೈಲನ್ನು ಅಂಗಡಿಯ ಟಿವಿಗೆ ಹಾಕಿದೆ. ಅಕ್ಕಾರು ಮತ್ತೆ ಸೀರೆ ತಂದಿದ್ದರು, ಈ ಸಲ ಗುಳೇದಗುಡ್ಡದ ಖಣದ ಕುಪ್ಪಸವನ್ನೂ. ಸೆರಗಿನ ತುದಿ ಹಿಡಿದು ಟಿವಿ ಪಕ್ಕಕ್ಕೆ ಒಡ್ಡಿದರು. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದರು. ಸೆರಗು ಹೊಂದಿತು. ಖಣದ ನೀಲಿಯೂ ಹೊಂದಿತು. ನಾನು ಉಸಿರು ಬಿಟ್ಟೆ.

"ಸೀರಿ ಬರೋಬ್ಬರಿ ಆತು. ಆದ್ರ ತಮ್ಮಾ, ನನ್ನ ಹಣಿ, ಮೂಗು ಯಾಕ ಇಷ್ಟು ಬೆಳ್ಳಗ ಕಾಣಾಕತ್ತಾವ? ಕುಂಕುಮನ ಕಾಣವಲ್ದು."

ಅಂಕಿ ತೆಗೆದು ನೋಡಿದೆ. ಹಣೆಯ ಮೇಲೆ ಮೂರೂ ಬಣ್ಣ 255ಕ್ಕೆ ಹತ್ತಿ ನಿಂತಿದ್ದವು. ಮೂಲ ಫೈಲ್‌ನಲ್ಲೂ ಅಷ್ಟೇ, ಡಬ್ಬಾ ಟಿವಿಯಲ್ಲೂ ಅಷ್ಟೇ. ವಿಡಿಯೊ ಲೈಟ್ ತೀರಾ ಹತ್ತಿರ ಹಿಡಿದಿದ್ದಾರೆ. ಕ್ಯಾಮೆರಾದೊಳಗೇ ಸುಟ್ಟುಹೋದದ್ದು, ಕ್ಯಾಸೆಟ್‌ಗೆ ಬಂದೇ ಇಲ್ಲ.

"ಅದು ನನ್ನ ಕೈಯಾಗ ಇಲ್ರೀ ಅಕ್ಕಾರ. ಲೈಟ್ ಹಿಡಿದಾವ ಮಾರಿಗೇ ಹಿಡಿದಾನ."

ಅಕ್ಕಾರು ಸೀರೆ ಮಡಚುತ್ತಾ ಸ್ವಲ್ಪ ಹೊತ್ತು ಸುಮ್ನಿದ್ದರು. "ಅವತ್ತು ಲೈಟಿನ ಹುಡುಗ ಬಂದಿರಲಿಲ್ಲ. ಹಿಡಿದಾವ ನಮ್ಮ ತಮ್ಮನ. ತಡಿ, ಫೋನ್ ಹಚ್ಚಿ ಕೇಳ್ತೀನಿ ಅವ್ನಿಗೆ."